ಪೋರ್ಟ್ರೀಗೆ ಒಂದು ದಿನ ಸಾಕೇ?

ಸಾಕು. ಆತುರವಿದ್ದರೆ ಅರ್ಧ ದಿನವೂ ಸಾಕು. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಎರಡು ಸಾವಿರ ಚಿಲ್ಲರೆ ಜನರ ಊರು. ಬಸ್ಸು ನಿಲ್ಲುವ ಒಂದು ಚೌಕ, ನಾಲ್ಕಾರು ಬೀದಿ, ಇಳಿಜಾರಿನ ಬುಡದಲ್ಲಿ ಪುಟ್ಟ ಬಂದರು. ಉತ್ತರ ಮುಗಿಯಿತು.

ಆದರೆ ಕೇಳುವವರು ಮುಗಿಯಬೇಕಲ್ಲ. ಗ್ಲಾಸ್ಗೋದಲ್ಲಿ ಮನೆ ಮಾಡಿದ ಮೇಲೆ, ಬೇಸಿಗೆ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಊರಿನವರು, ಊರಿನವರ ನೆಂಟರು, ಆ ನೆಂಟರ ಕಚೇರಿಯವರು, ಎಲ್ಲರಿಗೂ ಸ್ಕೈ ದ್ವೀಪಕ್ಕೆ ಹೋಗಬೇಕು. ಎಲ್ಲರ ಮೊಬೈಲಿನಲ್ಲೂ ಒಂದೇ ಚಿತ್ರ: ನೀರಿನ ಅಂಚಿಗೆ ಸಾಲಾಗಿ ನಿಂತ ಗುಲಾಬಿ, ಹಳದಿ, ನೀಲಿ ಮನೆಗಳು. ಪ್ರಶ್ನೆಯೂ ಒಂದೇ: "ಬೆಳಿಗ್ಗೆ ಹೊರಟರೆ ರಾತ್ರಿ ವಾಪಸ್ ಬರಬಹುದಲ್ಲವೇ?" ಸ್ವಾಮೀ, ಗ್ಲಾಸ್ಗೋದಿಂದ ಪೋರ್ಟ್ರೀಗೆ ಸುಮಾರು 350 ಕಿಲೋಮೀಟರ್. ಕಾರಿನಲ್ಲಿ ಐದು ಗಂಟೆಗೂ ಮೇಲೆ, ಬಸ್ಸಿನಲ್ಲಿ ಇನ್ನೂ ಹೆಚ್ಚು. ಹೋದ ಕೂಡಲೇ ಹಿಂದಿರುಗಿದರೂ ನಿಮಗೆ ಸಿಗುವುದು ಸೊಂಟ ನೋವು ಮಾತ್ರ.

ಉಳಿದ ಮಾಮೂಲಿ ಪ್ರಶ್ನೆಗಳಿಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ದ್ವೀಪವಾದರೂ ದೋಣಿ ಹತ್ತಲೇಬೇಕೆಂದಿಲ್ಲ, 1995ರಲ್ಲಿ ಸೇತುವೆಯಾಗಿದೆ. ಅದಕ್ಕೆ ಸುಂಕವಿತ್ತು, ಸ್ಥಳೀಯರು ವರ್ಷಗಟ್ಟಲೆ ಜಗಳವಾಡಿ 2004ರಲ್ಲಿ ತೆಗೆಸಿದರು. ಸಸ್ಯಾಹಾರ ಸಿಗುತ್ತದೆ. ಕೊಡೆ ಒಯ್ಯಬೇಡಿ, ಗಾಳಿಗೆ ಅದು ಉಳಿಯುವುದಿಲ್ಲ. ಬೇಸಿಗೆಯ ಸಂಜೆ ಗಾಳಿ ನಿಂತರೆ ಸಂತೋಷಪಡಬೇಡಿ, ನುಸಿ ಬರುತ್ತದೆ. ಬಣ್ಣದ ಮನೆಗಳ ಒಳಗೆ ನೋಡುವಂಥದ್ದೇನೂ ಇಲ್ಲ. ಹೋಟೆಲು, ವಸತಿಗೃಹ, ಕರಿದ ಮೀನಿನ ಅಂಗಡಿ.

ನಮ್ಮ ಭಾವ ಬಂದಾಗ ನಾನೇ ಕರೆದುಕೊಂಡು ಹೋಗಿದ್ದೆ. ಕುಮಟಾ ಕಡೆಯವರು, ಹುಟ್ಟಿದಾಗಿನಿಂದ ಬಂದರು ನೋಡಿದವರು. ಜೇಬಿನಲ್ಲಿ ಪಟ್ಟಿ ಇತ್ತು. ಸ್ಟೋರ್ ಬಂಡೆ, ಕ್ವಿರಾಂಗ್ ಬೆಟ್ಟ, ಫೇರಿ ಪೂಲ್ಸ್, ಒಂದೊಂದನ್ನೂ ನೋಡಿ ಗೀಟು ಹಾಕುತ್ತಿದ್ದರು. ಧಕ್ಕೆಯ ಮೇಲೆ ನಿಂತು, "ಬಣ್ಣದ ಮನೆ ಆಯಿತು. ಇನ್ನೇನಿದೆ ತಂಗೀ?" ಎಂದರು.

ಆಗ ನಮ್ಮ ಪಕ್ಕದಲ್ಲೇ ಒಂದು ದೋಣಿಯಿಂದ ಮಾಲು ಇಳಿಯುತ್ತಿತ್ತು. ಉದ್ದ ಇಕ್ಕಳಗಳ ಕಿತ್ತಳೆ ಬಣ್ಣದ ಸಿಗಡಿ, ಲ್ಯಾಂಗುಸ್ಟೀನ್. ನಮ್ಮಲ್ಲಿಯ ಹಾಗೆ ಬುಟ್ಟಿಗೆ ಸುರಿಯುವುದಿಲ್ಲ. ಒಂದೊಂದನ್ನೂ ಜೀವಂತವಾಗಿ ಅದರದರ ಪ್ಲಾಸ್ಟಿಕ್ ಕೊಳವೆಗೆ ಇಳಿಸಿರುತ್ತಾರೆ, ಪರಸ್ಪರ ಕಚ್ಚಾಡಿ ಕಾಲು ಮುರಿದುಕೊಳ್ಳಬಾರದೆಂದು. ಕಾಲು ಮುರಿದರೆ ಬೆಲೆ ಬಿತ್ತು. ಈ ಪಶ್ಚಿಮ ಕರಾವಳಿಯ ಸಿಗಡಿ ಬಹುಪಾಲು ಸ್ಪೇನ್, ಫ್ರಾನ್ಸ್ ಕಡೆಗೆ ಹೋಗುತ್ತದೆ. ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗಲೇ ಒಂದು ಕಡಲಕ್ಕಿ ಬಂದು ಭಾವನ ಕೈಯಲ್ಲಿದ್ದ ಕರಿದ ಮೀನನ್ನು ಎತ್ತಿಕೊಂಡು ಹೋಯಿತು. ಅವರಿಗೆ ಪೋರ್ಟ್ರೀಯ ಬಗ್ಗೆ ಇಂದಿಗೂ ನೆನಪಿರುವುದು ಅದೊಂದೇ, ಅದೂ ನನ್ನ ಮೇಲಿನ ದೂರಾಗಿ.

ಹಕ್ಕಿಯ ವಿಷಯ ಬಿಡಿ. ನನಗೆ ಸಿಟ್ಟು ಬಂದದ್ದು ಸಂಜೆ. ಕಾರಿನ ಕಿಟಕಿಯಿಂದ ಹಸಿರು ಗುಡ್ಡ ನೋಡುತ್ತಾ ಭಾವ, "ಎಷ್ಟು ಜಾಗ ಸುಮ್ಮನೆ ಖಾಲಿ ಬಿದ್ದಿದೆ! ಏನು ಶಾಂತಿ!" ಎಂದರು. ಎಲ್ಲರೂ ಹೇಳುತ್ತಾರೆ. ಒಬ್ಬರಾದರೂ ಯಾಕೆ ಖಾಲಿ ಎಂದು ಕೇಳಬಾರದೇ? ಒಂದು ದಿನ ಸಾಕೇ, ಎರಡು ದಿನ ಬೇಕೇ ಎನ್ನುವುದಕ್ಕಿಂತ ನನಗೆ ಬೇಕಾದ ಪ್ರಶ್ನೆ ಅದು.

1841ರ ಜನಗಣತಿಯಲ್ಲಿ ಈ ದ್ವೀಪದಲ್ಲಿ 23 ಸಾವಿರ ಜನರಿದ್ದರು. ಈಗ ಸುಮಾರು 10 ಸಾವಿರ. ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರ ಬಂತು, ಜೊತೆಗೆ ಜಮೀನ್ದಾರರಿಗೆ ಒಕ್ಕಲುಗಳಿಗಿಂತ ಕುರಿಗಳಿಂದ ಲಾಭ ಹೆಚ್ಚು ಎಂದು ತಿಳಿಯಿತು. ಬೋರೆರೇಗ್ ಎಂಬ ಇಡೀ ಹಳ್ಳಿಯನ್ನು 1850ರ ದಶಕದಲ್ಲಿ ತೆರವು ಮಾಡಿಸಿದರು. ಕಲ್ಲಿನ ಗೋಡೆಗಳು ಈಗಲೂ ಇವೆ, ಚಾರಣಿಗರು ಅಲ್ಲಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಎಷ್ಟೋ ಜನ ಕೆನಡಾ, ಆಸ್ಟ್ರೇಲಿಯಾದ ಹಡಗು ಹತ್ತಿದರು.

ಪೋರ್ಟ್ರೀಯಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಬ್ರೇಸ್. ಅಲ್ಲಿಯ ಗೇಣಿದಾರರು ಬೆನ್ ಲೀ ಗುಡ್ಡದಲ್ಲಿ ದನ, ಕುರಿ ಮೇಯಿಸುವ ತಮ್ಮ ಹಳೆಯ ಹಕ್ಕನ್ನು ವಾಪಸ್ ಕೇಳಿ, ಕೊಡುವವರೆಗೆ ಗೇಣಿ ಕೊಡುವುದಿಲ್ಲ ಎಂದರು. 1882ರ ಏಪ್ರಿಲಿನಲ್ಲಿ ಒಕ್ಕಲೆಬ್ಬಿಸುವ ನೋಟಿಸು ತಂದವನ ಕೈಯಿಂದ ಕಾಗದ ಕಿತ್ತುಕೊಂಡು ಸುಟ್ಟರು. ಅವರನ್ನು ಹಿಡಿಯಲು ಗ್ಲಾಸ್ಗೋದಿಂದ ಸುಮಾರು 50 ಪೊಲೀಸರು ಬಂದರು. ಹೆಂಗಸರು, ಗಂಡಸರು ಗುಡ್ಡದ ಮೇಲಿನಿಂದ ಕಲ್ಲಿನ ಮಳೆಗರೆದರು. ಬಂಧಿಸಿದ ಐವರನ್ನು ತಂದದ್ದು ಇದೇ ಪೋರ್ಟ್ರೀಗೆ. ಮರುವರ್ಷ ಸರ್ಕಾರ ಗೇಣಿದಾರರ ಅಹವಾಲು ಕೇಳಲು ನೇಪಿಯರ್ ಆಯೋಗವನ್ನು ನೇಮಿಸಿತು, ಆಯೋಗದ ಮೊದಲ ವಿಚಾರಣೆ ಬ್ರೇಸ್‌ನಲ್ಲೇ ನಡೆಯಿತು. 1886ರ ಕಾಯಿದೆಯಿಂದ, ಗೇಣಿ ಕೊಡುತ್ತಿರುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದಾಯಿತು.

ಇದನ್ನೆಲ್ಲ ಭಾವ ಮಾತಾಡದೆ ಕೇಳಿಸಿಕೊಂಡರು. ಅವರ ಮನೆಯ ಗದ್ದೆ ನಮ್ಮಲ್ಲಿ ಉಳುವವನನ್ನೇ ಒಡೆಯನಾಗಿಸಿದ 1974ರ ಭೂಸುಧಾರಣೆ ಕಾಯಿದೆಯಲ್ಲಿ ಬಂದದ್ದು. ಏಳನೇ ನಂಬರ್ ಫಾರಂ ತುಂಬಿ, ಡಿಕ್ಲರೇಶನ್ ಕೊಟ್ಟು, ಟ್ರಿಬ್ಯೂನಲ್ಲಿಗೆ ಅಲೆದು ಅವರ ಅಪ್ಪ ಪಡೆದ ಗದ್ದೆ. ಹಾಗಿದ್ದೂ ಗುಡ್ಡ ಖಾಲಿ ಎಂದು ಖುಷಿಪಟ್ಟರಲ್ಲ ಎಂದೇ ನನ್ನ ಸಿಟ್ಟು. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಜಾಗ ಅವರ ಹೆಸರಿಗೆ ಆಯಿತೋ?" ಎಂದರು.

ಇಲ್ಲ ಭಾವ. ಒಕ್ಕಲುತನ ಭದ್ರವಾಯಿತು, ಮಕ್ಕಳಿಗೂ ಬರುವಂತಾಯಿತು. ಒಡೆಯ ಒಡೆಯನಾಗಿಯೇ ಉಳಿದ.

"ನಮ್ಮದೇ ವಾಸಿ," ಎಂದು ಹೇಳಿ ಪಟ್ಟಿ ತೆಗೆದು ಕೊನೆಯಲ್ಲಿ ಬ್ರೇಸ್ ಎಂದು ಬರೆದರು. ಬರೆದು ಅದಕ್ಕೂ ಗೀಟು ಹಾಕಲು ಹೊರಟವರನ್ನು ನಾನು ತಡೆದು, ಮಾರನೆಯ ದಿನ ಕರೆದುಕೊಂಡು ಹೋದೆ. ರಸ್ತೆ ಬದಿಯಲ್ಲಿ ಒಂದು ಕಲ್ಲಿನ ಸ್ಮಾರಕವಿದೆ, ಆಚೆ ಸಮುದ್ರ, ಅದರಾಚೆ ರಾಸೇ ದ್ವೀಪ. ಅಲ್ಲಿ ನಿಂತು ಅವರು ಬೆನ್ ಲೀ ಯಾವುದು ಎಂದು ಕೇಳಿದರು. ಮೋಡದೊಳಗಿತ್ತು, ಬೆರಳು ತೋರಿಸಿದೆ.

ಈಗ ನಿಮ್ಮ ವಿಷಯ. ಪೋರ್ಟ್ರೀಯಲ್ಲಿ ಎರಡು ರಾತ್ರಿ ಉಳಿಯಿರಿ. ಬ್ರೇಸ್ ರಸ್ತೆ ಒಂದೇ ವಾಹನದಷ್ಟು ಅಗಲ. ಎದುರಿನವರಿಗೆ ದಾರಿ ಬಿಡಲೆಂದು ಮಾಡಿದ ಜಾಗದಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾ ನಿಲ್ಲಬೇಡಿ, ಅಲ್ಲಿಯವರು ಈಗಲೂ ಸಿಟ್ಟಾಗುತ್ತಾರೆ. ಜುಲೈ, ಆಗಸ್ಟಿನಲ್ಲಿ ಹೋಗುವವರು ತಿಂಗಳುಗಟ್ಟಲೆ ಮೊದಲೇ ಕೋಣೆ ಕಾದಿರಿಸಿ. ಅಗ್ಗದ ಕೋಣೆ ಎಲ್ಲಿದೆ ಎಂದು ನನಗೆ ಫೋನ್ ಮಾಡಬೇಡಿ, ಇಲ್ಲ.