ಒಬ್ಬಳೇ ಹೇಗಿದ್ದೆ ಎಂದು ಕೇಳುವವರಿಗೆ

ಧಾರವಾಡದಲ್ಲಿ ಯಾರ ಮನೆಯ ಮದುವೆಗೆ ಹೋದರೂ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಕೇಳಿಯೇ ಕೇಳುತ್ತಾರೆ: "ಆರು ತಿಂಗಳು ಜರ್ಮನಿಯಲ್ಲಿ ಒಬ್ಬಳೇ ಹೇಗಿದ್ದೆ ತಂಗಿ? ಅಂಜಿಕೆ ಬರಲಿಲ್ಲವೇ?" ಮನೆಯಲ್ಲಿ ಮಗಳಿದ್ದವರಾದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ನಮ್ಮವಳೂ ಹೋಗುತ್ತೇನೆ ಎನ್ನುತ್ತಾಳೆ. ಕಳಿಸಬಹುದೇ?" ಊಟದ ಎಲೆಯ ಮುಂದೆ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಂಜಿಕೆ ಬಂತು. ಆದರೆ ನೀವು ಎಣಿಸಿದ ದಿಕ್ಕಿನಿಂದ ಬರಲಿಲ್ಲ. ಕತ್ತಲಾದ ಮೇಲೆ ಒಬ್ಬಳೇ ನಡೆದು ಬರುವುದು, ಚಳಿ, ಗೊತ್ತಿಲ್ಲದ ಭಾಷೆ, ಇವಕ್ಕೆಲ್ಲ ಎರಡು ವಾರದಲ್ಲಿ ಮೈ ಒಗ್ಗಿತು. ಕೌಂಟರಿನ ಮುಂದೆ ನಿಂತು ನನ್ನ ಕೆಲಸ ಇಂಥದ್ದು ಎಂದು ನನ್ನ ಬಾಯಿಂದಲೇ ಹೇಳಬೇಕಾದಾಗ ಮಾತ್ರ ಗಂಟಲು ಒಣಗುತ್ತಿತ್ತು.

ಏಕೆಂದರೆ ಅದುವರೆಗೆ ನಾನು ಅದನ್ನು ಮಾಡಿರಲೇ ಇಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವಳು, 22 ವರ್ಷದವಳು, ಸ್ನಾತಕೋತ್ತರ ವಿದ್ಯಾರ್ಥಿನಿ. ಬ್ಯಾಂಕಿಗೆ ಹೋದರೆ ಅಪ್ಪ ಮಾತನಾಡುತ್ತಿದ್ದರು. ಆಧಾರ್ ಕಾರ್ಡಿನಲ್ಲಿ ಹೆಸರಿನ ಅಕ್ಷರ ತಪ್ಪಾದಾಗ ಕಾಕಾ ಓಡಾಡಿ ಸರಿಪಡಿಸಿದರು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದೊಳಗೆ ನಾನೊಬ್ಬಳೇ ಹೋದದ್ದು ನಿಜ. ಆದರೆ ಒಳಗೆ ಏನು ಕೇಳಿದರೆ ಏನು ಹೇಳಬೇಕು ಎಂದು ಅಪ್ಪ ಧಾರವಾಡ-ಹುಬ್ಬಳ್ಳಿ ನಡುವಿನ ಚಿಗರಿ ಬಸ್ಸಿನಲ್ಲಿ ನವಲೂರಿನಿಂದ ಉಣಕಲ್‌ವರೆಗೆ ಎರಡು ಸಲ ಒಪ್ಪಿಸಿಕೊಂಡಿದ್ದರು. ಇದನ್ನು ದೂರಾಗಿ ಹೇಳುತ್ತಿಲ್ಲ. ಅದು ಪ್ರೀತಿಯೇ. ಆ ಪ್ರೀತಿಯ ನೆರಳಿನಲ್ಲಿ ನನ್ನ ಒಂದು ಅಂಗ ಬಳಕೆಯಿಲ್ಲದೆ ಉಳಿದಿತ್ತು, ಅಷ್ಟೆ.

ಹಣದ ಮಾತನ್ನೂ ಮುಚ್ಚಿಡದೆ ಹೇಳಬೇಕು. ಜರ್ಮನಿಯ ವಿದ್ಯಾರ್ಥಿ ವೀಸಾ ಬೇಕೆಂದರೆ ಅಲ್ಲಿ ಬದುಕಲು ಸಾಕಾಗುವಷ್ಟು ದುಡ್ಡನ್ನು ಮೊದಲೇ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. ಆ ಖಾತೆಯಿಂದ ತಿಂಗಳಿಗೆ ಇಷ್ಟೇ ಎಂದು ಕೈಗೆ ಬರುತ್ತದೆ. ನಾನು ಹೊರಟ 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ ತಿಂಗಳಿಗೆ 992 ಯೂರೋ ಆಯಿತು, ಅಂದರೆ ಸುಮಾರು 90 ಸಾವಿರ ರೂಪಾಯಿ. ನಾನು ಸೇರಿದ ಟ್ಯೂಬಿಂಗನ್ ವಿಶ್ವವಿದ್ಯಾಲಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿದೆ. ಯುರೋಪಿನ ಒಕ್ಕೂಟದ ಹೊರಗಿನಿಂದ ಬಂದವರಿಗೆ ಅಲ್ಲಿ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ನನ್ನಂಥ ವಿನಿಮಯ ವಿದ್ಯಾರ್ಥಿಗಳಿಗೆ ಅದು ಇಲ್ಲದಿರುವುದರಿಂದ ನಾವು ಬಚಾವಾದೆವು. ಆದರೂ ಅಪ್ಪ ಒಂದು ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದರು. ನಾನು ಸ್ವಂತ ಕಾಲ ಮೇಲೆ ನಿಂತೆ ಎಂದು ಯಾರಾದರೂ ಹೊಗಳಿದಾಗ ಆ ಠೇವಣಿಯ ರಸೀದಿ ಕಣ್ಣ ಮುಂದೆ ಬರುತ್ತದೆ.

ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದೇ ನನ್ನ ಮೊದಲ ಕೌಂಟರ್. ಹೇಳಬೇಕಾದ ಮೂರು ಜರ್ಮನ್ ವಾಕ್ಯಗಳನ್ನು ಅಂಗೈಯಲ್ಲಿ ಬರೆದುಕೊಂಡು ಹೋಗಿದ್ದೆ. ಅಧಿಕಾರಿ ಕಾಗದಗಳನ್ನು ಒಂದೊಂದಾಗಿ ನೋಡಿ, ಜಾಗ ಬಾಡಿಗೆಗೆ ಕೊಟ್ಟವರ ದೃಢೀಕರಣ ಪತ್ರ ಎಲ್ಲಿ ಎಂದರು. ನಾನು ಅದನ್ನು ತಂದಿರಲಿಲ್ಲ. ಆಗ ನನ್ನ ತಲೆ ತಾನಾಗಿ ಬಲಕ್ಕೆ ತಿರುಗಿತು. ಅಪ್ಪ ಯಾವಾಗಲೂ ನನ್ನ ಬಲಕ್ಕೆ ನಿಲ್ಲುತ್ತಿದ್ದರು. ಅಲ್ಲಿ ಒಂದು ಖಾಲಿ ಕುರ್ಚಿ ಇತ್ತು. ಮೂರು ದಿನ ಬಿಟ್ಟು ಪತ್ರ ಹಿಡಿದು ಮತ್ತೆ ಹೋದೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಕಲಿತೆ ಅಂದುಕೊಂಡೆ. ಕಲಿತಿರಲಿಲ್ಲ.

ನವೆಂಬರ್‌ನ ಒಂದು ಭಾನುವಾರ ಸಂಜೆ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹಾಸ್ಟೆಲಿನ ಕಚೇರಿಯೂ ಮುಚ್ಚಿತ್ತು. ತರಕಾರಿ ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕಿ ಬರೋಣವೆಂದು ಹೊರಬಂದೆ. ಹಿಂದೆ ಬಾಗಿಲು ಟಕ್ ಎಂದಿತು. ಅಲ್ಲಿನ ಬಾಗಿಲುಗಳ ಸ್ವಭಾವವೇ ಹಾಗೆ. ಹೊರಗಡೆ ತಿರುಗದ ಒಂದು ಗುಂಡು ಹಿಡಿಕೆ ಇರುತ್ತದೆ. ಎಳೆದುಕೊಂಡರೆ ಮುಗಿಯಿತು, ಕೀಲಿ ಇಲ್ಲದೆ ತೆರೆಯುವುದಿಲ್ಲ. ಕೀಲಿ ಒಳಗೆ, ಮೊಬೈಲ್ ಒಳಗೆ. ಕಾಲಲ್ಲಿ ಮನೆಯಿಂದ ಒಯ್ದ ಹವಾಯಿ ಚಪ್ಪಲಿ, ಕೈಯಲ್ಲಿ ಆಲೂಗಡ್ಡೆ ಸಿಪ್ಪೆಯ ತಟ್ಟೆ. ಎದುರಿನ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿತ್ತು. ಆ ಕೋಣೆಯ ಹುಡುಗಿಯನ್ನು ಅಡುಗೆಮನೆಯಲ್ಲಿ ಎಷ್ಟೋ ಸಲ ನೋಡಿದ್ದೆ, ತಲೆಯಾಡಿಸಿದ್ದೆ, ಒಂದು ಮಾತು ಆಡಿರಲಿಲ್ಲ. ಮೂರು ಹೆಜ್ಜೆ ದೂರದ ಬಾಗಿಲು ತಟ್ಟಲು ನನಗೆ ಅರ್ಧ ಗಂಟೆ ಬೇಕಾಯಿತು. ಕಾರಿಡಾರಿನ ದೀಪ ಒಂದೆರಡು ನಿಮಿಷಕ್ಕೊಮ್ಮೆ ತಾನಾಗಿ ಆರುತ್ತಿತ್ತು. ನಾನು ಗುಂಡಿ ಒತ್ತಿ ಮತ್ತೆ ಹೊತ್ತಿಸುತ್ತಿದ್ದೆ. ತಟ್ಟಿದರೆ ಏನೆಂದುಕೊಳ್ಳುತ್ತಾಳೋ, ಇಷ್ಟೂ ತಿಳಿಯದವಳು ಎನ್ನುತ್ತಾಳೋ ಎಂಬುದೊಂದೇ ಚಿಂತೆ. ಊರಲ್ಲಾಗಿದ್ದರೆ ನನಗಾಗಿ ಯಾರೋ ತಟ್ಟಿರುತ್ತಿದ್ದರು.

ಕೊನೆಗೆ ತಟ್ಟಿದೆ. ಆಕೆ ನನ್ನ ಕಾಲು ನೋಡಿದಳು, ಮೊದಲು ಉಣ್ಣೆಯ ಕಾಲುಚೀಲ ಕೊಟ್ಟಳು. ಆಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ತಂದು ಕತ್ತರಿಯಿಂದ ಉದ್ದಕ್ಕೆ ಸೀಳಿದಳು. ಆ ಹಾಳೆಯನ್ನು ಬಾಗಿಲು ಮತ್ತು ಚೌಕಟ್ಟಿನ ನಡುವೆ ತೂರಿಸಿ, ಮೇಲಿನಿಂದ ಚಿಲಕದವರೆಗೆ ಮೆಲ್ಲಗೆ ಎಳೆಯುತ್ತ, ಮೊಣಕಾಲಿನಿಂದ ಬಾಗಿಲನ್ನು ಒತ್ತಿದಳು. ಮೂರನೆಯ ಪ್ರಯತ್ನಕ್ಕೆ ತೆರೆಯಿತು. ತಾನೂ ಎರಡು ಸಲ ಹೀಗೆ ಹೊರಗುಳಿದಿದ್ದೆ ಎಂದಳು. ಆ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಮರಳಿಸಿದ್ದರೆ ಅವಳಿಗೆ 25 ಸೆಂಟ್ ಠೇವಣಿ ವಾಪಸ್ ಬರುತ್ತಿತ್ತು. ವಿದ್ಯಾರ್ಥಿಗಳು ಅಂಥ ಬಾಟಲಿಗಳನ್ನು ಜೋಪಾನವಾಗಿ ಕೂಡಿಡುತ್ತಾರೆ.

ಮರುದಿನ ಅವಳಿಗೆ ಜೋಳದ ರೊಟ್ಟಿ ಮಾಡಿದೆ. ಪೇಡೆ ಕೊಡಬಹುದಿತ್ತಲ್ಲ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಹೊರದೇಶದಿಂದ ಹಾಲಿನ ಪದಾರ್ಥವನ್ನು ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ಹಾಗಾಗಿ ಪೇಡೆಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ಅಲ್ಲಿನದು ಗಾಜಿನ ಹಾಸಿನ ವಿದ್ಯುತ್ ಒಲೆ, ಉರಿ ಕಾಣುವುದೇ ಇಲ್ಲ. ರೊಟ್ಟಿ ಉಬ್ಬಲಿಲ್ಲ. ಶೇಂಗಾ ಚಟ್ನಿಗೆ ಎಣ್ಣೆ ಹಾಕಿ ಕೊಟ್ಟೆ. ಎರಡು ರೊಟ್ಟಿ ತಿಂದಳು. ಆ ದಿನದಿಂದ ಮಾರ್ಚ್‌ವರೆಗೆ ನಾನು ಕೇಳದೆ ಬಿಟ್ಟ ವಿಷಯವಿಲ್ಲ. ಬಟ್ಟೆ ಒಗೆಯುವ ಯಂತ್ರ ಹೇಗೆ ಎಂದು ಕೇಳಿದೆ. ಉಪನ್ಯಾಸ ಅರ್ಥವಾಗದಿದ್ದಾಗ ಪ್ರಾಧ್ಯಾಪಕರ ಕೋಣೆಗೆ ಹೋಗಿ ಮತ್ತೊಮ್ಮೆ ಹೇಳಿರೆಂದೆ. ಜ್ವರ ಬಂದಾಗ ಔಷಧದ ಅಂಗಡಿಯಲ್ಲಿ ನನ್ನ ಮೈಯ ಕಷ್ಟವನ್ನು ನಾನೇ ವಿವರಿಸಿದೆ.

ನನ್ನ ಉತ್ತರದ ತಿರುಳು ಇಲ್ಲಿದೆ. ಒಬ್ಬಳೇ ಹೇಗಿದ್ದೆ ಎಂದು ನೀವು ಕೇಳುತ್ತೀರಿ. ಒಬ್ಬಳೇ ಇದ್ದದ್ದು ಮೊದಲ ಏಳೆಂಟು ವಾರ ಮಾತ್ರ, ಆ ದಿನಗಳಲ್ಲಿ ನಾನು ಸ್ವತಂತ್ರಳಾಗಿರಲಿಲ್ಲ, ಮುದುಡಿಕೊಂಡಿದ್ದೆ. ಬಾಯಿ ಬಿಟ್ಟು ಕೇಳಲು ಬಂದ ಮೇಲೆ ಕೋಣೆ, ಊರು, ದಿನ ಎಲ್ಲವೂ ನನ್ನವಾದವು.

ಟ್ಯೂಬಿಂಗನ್ನಿನಲ್ಲಿ ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತಾಗ ಮತ್ತೆ ಮತ್ತೆ ನೆನಪಾಗುತ್ತಿದ್ದವರು ಕಿಟೆಲ್. ಅವರ ಹೆಸರಿನ ಕಾಲೇಜಿನ ಮುಂದೆ ನಾನು ಬಾಲ್ಯವಿಡೀ ಓಡಾಡಿದ್ದೇನೆ. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ 1853ರಲ್ಲಿ ಭಾರತಕ್ಕೆ ಬಂದು ನಮ್ಮ ಕಡೆಯ ಊರುಗಳಲ್ಲೇ ಕನ್ನಡ ಕಲಿಯಲು ಶುರುಮಾಡಿದಾಗ ಅವರಿಗೆ 21 ವರ್ಷ, ನನಗಿಂತಲೂ ಒಂದು ವರ್ಷ ಚಿಕ್ಕವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು ತೀರಿಕೊಂಡದ್ದು 1903ರಲ್ಲಿ, ಇದೇ ಟ್ಯೂಬಿಂಗನ್ನಿನಲ್ಲಿ. ಸುಮಾರು 70 ಸಾವಿರ ಪದಗಳ ಆ ಪುಸ್ತಕದ ಹಿಂದೆ "ಇದಕ್ಕೆ ನೀವು ಏನನ್ನುತ್ತೀರಿ?" ಎಂದು ಗೊತ್ತಿಲ್ಲದವರನ್ನು ಕೇಳಿದ ಕ್ಷಣಗಳು ಎಷ್ಟಿರಬೇಕು! ಅವರು ಬಂದ ದಾರಿಯಲ್ಲಿ ನಾನು ತಿರುಗಿ ಹೋಗಿದ್ದೆ. ಅಂಗೈಯ ಮೂರು ವಾಕ್ಯಗಳನ್ನು ನೆನೆದಾಗ ಅವರ ಮೇಲೆ ನನಗೆ ಬಳಗದವರ ಮೇಲಿನಂಥ ಅಕ್ಕರೆ ಹುಟ್ಟುತ್ತಿತ್ತು.

ಇನ್ನು ಎರಡನೆಯ ಪ್ರಶ್ನೆ. ಕಳಿಸಿ. ಆದರೆ ವೀಸಾ ಬರುವವರೆಗೆ ಕಾಯಬೇಡಿ, ಈಗಿನಿಂದಲೇ ಶುರುಮಾಡಿ. ಅವಳ ಬ್ಯಾಂಕಿನ ಕೆಲಸಕ್ಕೆ ಅವಳೇ ಹೋಗಲಿ. ವಿದ್ಯುತ್ ಬಿಲ್ಲಿನಲ್ಲಿ ತಪ್ಪಾಗಿದ್ದರೆ ಅವಳೇ ಹೋಗಿ ಕೇಳಲಿ. ಒಂದು ಕಾಗದ ಕಡಿಮೆ ಬಿದ್ದು ವಾಪಸ್ ಬಂದರೆ ಬೈಯಬೇಡಿ, ನಾಳೆ ಮತ್ತೆ ಹೋಗುತ್ತಾಳೆ. ಮನೆಗೆ ಬಂದ ಮೇಲೆ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಕಳೆದ ಏಪ್ರಿಲ್‌ನಲ್ಲಿ ಅಪ್ಪನೊಂದಿಗೆ ಬ್ಯಾಂಕಿಗೆ ಹೋದಾಗ ಸಿಬ್ಬಂದಿ ನನ್ನ ಖಾತೆಯ ಬಗ್ಗೆ ರೂಢಿಯಂತೆ ಅಪ್ಪನನ್ನೇ ಕೇಳಿದರು. ಅಪ್ಪನೂ ರೂಢಿಯಂತೆ ಬಾಯಿ ತೆರೆದರು. ಆಮೇಲೆ ನನ್ನ ಕಡೆ ನೋಡಿ, "ಅವಳನ್ನೇ ಕೇಳಿ" ಎಂದು ಹೋಗಿ ಬೆಂಚಿನ ಮೇಲೆ ಕುಳಿತರು.

ಅವ್ವನ ಸುದ್ದಿ ಬೇರೆ. ನಾನು ಅಲ್ಲಿದ್ದಾಗ ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಿದ್ದಳು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ ಎಂಬುದು ತಿಳಿಯದೆ, ಮರುದಿನ ನಾನು ತರಗತಿಯಲ್ಲಿದ್ದಾಗ ಏಳು ಸಲ ಕರೆ ಮಾಡಿ ಅತ್ತಿದ್ದಳು. ಧಾರವಾಡದಿಂದ ಹುಬ್ಬಳ್ಳಿಗೂ ಜೊತೆಯಿಲ್ಲದೆ ಹೋದವಳಲ್ಲ. ಮೊನ್ನೆ ಮಾವಶಿಯ ಮನೆಗೆ ಒಬ್ಬಳೇ ಹೋಗಿ ಬಂದಳು. ಚಿಗರಿಯ ನಿಲ್ದಾಣದಲ್ಲಿ ಗೇಟು ತೆರೆಯಲು ಟಿಕೆಟ್ ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲವಂತೆ. "ಹಿಂದೆ ನಿಂತಿದ್ದ ಹುಡುಗನನ್ನು ಕೇಳಿದೆ, ತೋರಿಸಿಕೊಟ್ಟ" ಎಂದಳು. ಮುಂದಿನ ತಿಂಗಳು ಗದಗಕ್ಕೆ, ವೀರನಾರಾಯಣನ ಗುಡಿಗೆ ಹೋಗುವವಳಿದ್ದಾಳೆ. ನಾನು ಬರುತ್ತೇನೆ ಎಂದೆ. ಬೇಡ ಎಂದಳು.