ಖಾಲಿ ಕೋವಿ

ಕೋವಿ ರಿಪೇರಿಗೆ ತರುವವರು ಅಂಗಡಿ ಮೆಟ್ಟಿಲು ಹತ್ತುವಾಗಲೇ ಒಂದು ಮಾತು ಹೇಳುತ್ತಾರೆ. "ಖಾಲಿ ಇದೆ, ಹೆದರ್ಬೇಡಿ." ಸುಳ್ಳು ಹೇಳಬೇಕು ಅಂತ ಯಾರೂ ಹೇಳೋದಿಲ್ಲ. ಖಾಲಿ ಅಂತಲೇ ಅವರ ನಂಬಿಕೆ. ಎರಡು ವರ್ಷ ನಾನೂ ಆ ಮಾತನ್ನು ಹಾಗೆಯೇ ರಿಜಿಸ್ಟರಿಗೆ ಇಳಿಸುತ್ತಿದ್ದೆ.

ನಾನು ಈ ಕೆಲಸಕ್ಕೆ ಸೇರಿದ್ದು 2006ರಲ್ಲಿ, ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ. ಅಪ್ಪ ಮರಗೆಲಸದ ಆಚಾರಿ. ಪಿಯುಸಿ ಫೇಲಾಗಿ ಮನೆಯಲ್ಲಿ ಸುಮ್ನೆ ಕೂತಿದ್ದ ನನ್ನನ್ನು ಕರೆದುಕೊಂಡು ಹೋಗಿ ಮೇಸ್ತ್ರಿ ಎದುರು ನಿಲ್ಲಿಸಿದರು. "ಉಳಿ ಹಿಡಿಯೋಕೆ ಬರ್ತದೆ. ಬಾಕಿ ನೀವೇ ಕಲಿಸಿ" ಅಂದರು. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ಕೈ ಚಾಚು ಅಂದು ಉಗುರು ನೋಡಿದರು. "ಬೆವರು ಜಾಸ್ತಿ ಬರ್ತದಾ?" ಅಂತ ಕೇಳಿದರು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಕೆಲವರ ಬೆವರಿಗೆ ಕಬ್ಬಿಣ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಮುಟ್ಟಿದಲ್ಲಿ ಬೆರಳಚ್ಚು ಕೆಂಪಗೆ ಮೂಡಿರುತ್ತದೆ. ನನ್ನದು ಅಷ್ಟು ಕೆಟ್ಟ ಕೈ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಹೊರಗಿನವರಿಗೆ ಕೋವಿ ರಿಪೇರಿ ಅಂದರೆ ಏನೋ ಭಯಂಕರ ಕೆಲಸ. ಕೊಡಗಿನಲ್ಲಿ ಹಾಗಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗಲೂ ಗುಂಡು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಇದ್ದರೆ ಸಾಕು. ಈ ವಿನಾಯಿತಿ 1861ರಿಂದ ನಡೆದುಬಂದದ್ದು. ಈಗ 2029ರವರೆಗೆ ಮುಂದುವರಿದಿದೆ. ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದರು, 2021ರಲ್ಲಿ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಹಾಗಾಗಿ ನಮ್ಮ ಪೇಟೆಯಲ್ಲಿ ಕೋವಿ ಹಿಡಿದುಕೊಂಡು ಬಸ್ಸಿನಿಂದ ಇಳಿದವರನ್ನು ಯಾರೂ ತಿರುಗಿ ನೋಡೋದಿಲ್ಲ. ಮಿಕ್ಸಿ ರಿಪೇರಿಗೆ ತಂದ ಹಾಗೆ ತರುತ್ತಾರೆ.

ಆದರೆ ರಿಪೇರಿ ಮಾಡುವವನಿಗೆ ವಿನಾಯಿತಿ ಇಲ್ಲ. ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ತಯಾರಿ, ಮಾರಾಟ, ರಿಪೇರಿ ಎಲ್ಲಕ್ಕೂ ಲೈಸೆನ್ಸ್ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡೋದಕ್ಕೆ ಅದರ ಮುಂದಿನ ಸೆಕ್ಷನ್. "ಸ್ವಲ್ಪ ಗಿಡ್ಡ ಮಾಡಿ ಕೊಡಿ, ಜೀಪಿನಲ್ಲಿ ಇಡೋಕೆ ಸುಲಭ" ಅಂತ ಬಂದವರನ್ನು ಮೇಸ್ತ್ರಿ ಕುಳಿತುಕೊಳ್ಳಿ ಅಂತಲೂ ಹೇಳುತ್ತಿರಲಿಲ್ಲ. ಲೈಸೆನ್ಸನ್ನು ಫ್ರೇಮ್ ಹಾಕಿಸಿ ಗಣಪತಿ ಪಟದ ಪಕ್ಕ ತೂಗುಹಾಕಿದ್ದರು. ಮೇಜಿನ ಮೇಲೆ ರಿಜಿಸ್ಟರು. ತಾರೀಖು, ಕೋವಿ ನಂಬರು, ಯಾರದು, ಪತ್ರದ ನಂಬರು, ಏನು ಕೆಲಸ. ಕೊನೆಗೆ ಅವರೇ ಗೆರೆ ಎಳೆದು ಸೇರಿಸಿದ್ದ ಒಂದು ಕಾಲಂ: ಬಂದಾಗಿನ ಸ್ಥಿತಿ.

ಮೊದಲ ಮೂರು ತಿಂಗಳು ನಾನು ಸ್ಕ್ರೂಡ್ರೈವರ್ ಉಜ್ಜಿದೆ. ತಮಾಷೆ ಅಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರಿನ ತುದಿ ಬೆಣೆ ಥರ ಇರುತ್ತದೆ. ಹಳೆಯ ಇಂಗ್ಲಿಷ್ ಕೋವಿಯ ಸ್ಕ್ರೂ ತಲೆಯ ಗೀರು ಬಹಳ ಸಪೂರ, ಎರಡು ಬದಿಯೂ ನೆಟ್ಟಗೆ. ಬೆಣೆ ಹಾಕಿ ತಿರುಗಿಸಿದರೆ ಜಾರುತ್ತದೆ. ಸ್ಕ್ರೂ ತಲೆ ಹರಿದುಹೋಗುತ್ತದೆ, ಪಕ್ಕದ ಹೂವಿನ ಕೆತ್ತನೆ ಮೇಲೆ ಉದ್ದಕ್ಕೆ ಒಂದು ಬಿಳಿ ಗೀಟು ಬೀಳುತ್ತದೆ. ಅದಕ್ಕೆ ಒಂದೊಂದು ಸ್ಕ್ರೂಗೂ ಅರದಲ್ಲಿ ಉಜ್ಜಿ ಒಂದೊಂದು ತುದಿ ಹೊಂದಿಸಬೇಕು. ಒಳ್ಳೆಯ ಕೋವಿಯಲ್ಲಿ ಸ್ಕ್ರೂಗಳ ಗೀರೆಲ್ಲ ನಳಿಗೆಯ ಉದ್ದಕ್ಕೇ ನಿಂತಿರುತ್ತವೆ. ಒಂದು ಅಡ್ಡ ತಿರುಗಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ಮೇಸ್ತ್ರಿ ಕೋವಿ ಕೈಗೆ ತೆಗೆದುಕೊಂಡ ಕೂಡಲೇ ಅದನ್ನೇ ನೋಡುತ್ತಿದ್ದರು, ಡಾಕ್ಟರು ನಾಲಿಗೆ ನೋಡಿದ ಹಾಗೆ.

ಆಮೇಲೆ ಮರ. ಇದು ನನಗೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಬಾಗಿಲಿಗೆ ಚಿಲಕ ಕೂರಿಸಿದ ಹಾಗೆ ಅಲ್ಲ ಇದು. ಹಿಡಿಯ ಮರದೊಳಗೆ ಲಾಕಿನ ತಗಡು ಕೂರುವ ಜಾಗದಲ್ಲಿ ಎಲ್ಲೋ ಒಂದು ಕಡೆ ಸಡಿಲ ಇದ್ದರೆ ಪ್ರತಿ ಗುಂಡಿಗೂ ಅಲ್ಲಿ ಪೆಟ್ಟು ಬಿದ್ದು ಮರ ಸೀಳುತ್ತದೆ. ಅದಕ್ಕೊಂದು ಉಪಾಯ ಉಂಟು. ಚಿಮಣಿ ದೀಪದ ಹೊಗೆಗೆ ತಗಡು ಹಿಡಿದು ಮಸಿ ಮಾಡಿ, ಮರದಲ್ಲಿಟ್ಟು ಒತ್ತಿ ತೆಗೆಯೋದು. ಮರದಲ್ಲಿ ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಲ್ಲಿ ಒಂದು ಎಳೆ ಕೆರೆಯೋದು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆ. ಕಪ್ಪು ಎಲ್ಲ ಕಡೆ ಒಂದೇ ಸಮ ಹತ್ತುವವರೆಗೆ. ಒಂದು ಬೀಟೆ ಹಿಡಿಗೆ ನನಗೆ ಒಂಬತ್ತು ದಿನ ಬೇಕಾಯಿತು. ಅಪ್ಪ ಅಷ್ಟರಲ್ಲಿ ಎರಡು ಮಂಚ ಮುಗಿಸುತ್ತಿದ್ದರು.

ಕಿವಿಯ ಕೆಲಸವೂ ಉಂಟು. ಜೋಡಿ ನಳಿಗೆಯನ್ನು ಹಿಡಿಯಿಂದ ಬಿಚ್ಚಿ, ದಾರ ಕಟ್ಟಿ ತೂಗುಬಿಟ್ಟು ಬೆರಳ ಗೆಣ್ಣಿನಲ್ಲಿ ತಟ್ಟಬೇಕು. ಗಂಟೆ ಥರ ನಾದ ಬಂದರೆ ಸರಿ. ಬಿರುಕುಬಿಟ್ಟ ಮಡಕೆ ಥರ ಗರಗರ ಅಂದರೆ ಎರಡು ನಳಿಗೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ ಅಂತ ಲೆಕ್ಕ. ಕಣ್ಣಿನ ಕೆಲಸ ಅಂದರೆ ನಳಿಗೆಯನ್ನು ಕಿಟಕಿಗೆ ಹಿಡಿದು ಒಳಗೆ ನೋಡೋದು. ಬೆಳಕು ಬಳೆ ಬಳೆಯಾಗಿ ಕಾಣುತ್ತದೆ. ಒಂದು ಬಳೆ ಸೊಟ್ಟಗಿದ್ದರೆ ಅಲ್ಲಿ ತಗ್ಗು ಬಿದ್ದಿದೆ.

12 ಬೋರ್ ಅಂದರೇನು ಅಂತ ಒಂದು ದಿನ ಕೇಳಿದ್ದೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟೇ ಅಗಲದ ನಳಿಗೆ ಅಂದರು. ಅದಕ್ಕೇ 16 ಬೋರ್ ಅನ್ನೋದು 12ಕ್ಕಿಂತ ಸಣ್ಣದು. ಈ ಲೆಕ್ಕ ತಲೆಗೆ ಹೋದ ಮೇಲೆ ಮರೆಯೋದೇ ಇಲ್ಲ. ಹಳೆಯ ಕೋವಿಗೆ 65 ಮಿಲಿಮೀಟರಿನ ತೋಟಾ, ಹೊಸದಕ್ಕೆ 70. ಹಳೆಯದರಲ್ಲಿ 70 ಹಾಕಿದರೂ ಆರಾಮಾಗಿ ಒಳಗೆ ಕೂರುತ್ತದೆ, ಅದೇ ಅಪಾಯ. ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಇದನ್ನು ಕೌಂಟರಿನಲ್ಲಿ ನಿಂತು ಎಷ್ಟು ಜನರಿಗೆ ಹೇಳಿದ್ದೇನೋ. "ನಮ್ಮ ಕೋವಿಗೆ ಎಂತದೂ ಆಗಲಿಲ್ಲ" ಅನ್ನುತ್ತಾರೆ.

ಇಷ್ಟೆಲ್ಲ ಕಲಿತ ಮೇಲೆ ಒಂದು ಆಗಸ್ಟ್ ತಿಂಗಳು.

ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಮೂರಕ್ಕೆ, ಕೊಡವರ ಆಯುಧ ಪೂಜೆಯ ಹಬ್ಬ. ನಾಟಿ ಕೆಲಸ ಮುಗಿದಿರುತ್ತದೆ. ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲ ಮನೆಗಳಲ್ಲಿ, ಕೋವಿ, ಕತ್ತಿ ಎಲ್ಲ ತೊಳೆದು ಒರೆಸಿ ಇಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆ. ತೋಕ್ ಅಂದರೆ ಕೊಡವ ತಕ್ಕ್‌ನಲ್ಲಿ ಕೋವಿ. ನೀವು ಗೌರಿ ಹೂ ಅನ್ನುತ್ತೀರಲ್ಲ, ಬೆಂಕಿ ನಾಲಿಗೆಯ ಹಾಗೆ ಕೆಂಪು ಹಳದಿ ಹೂ, ಅದೇ ತೋಕ್ ಪೂ. ಪೂಜೆ ಆದ ಮೇಲೆ ಕಡಂಬುಟ್ಟು, ಪಂದಿಕರಿ ಊಟ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಜೂನ್, ಜುಲೈ ಮಳೆಗೆ ತುಕ್ಕು ಹಿಡಿದ ಕೋವಿಗಳೆಲ್ಲ ಆಗಸ್ಟಿನ ಕೊನೆಗೆ ಒಟ್ಟಿಗೇ ನಮ್ಮ ಅಂಗಡಿಗೆ ಬರುತ್ತವೆ. ಇದನ್ನು ಬಿಟ್ಟರೆ ನಮಗೆ ರಶ್ ಇರುವುದು ಎಲೆಕ್ಷನ್ ಆದ ಮೇಲೆ. ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಕೆಳಗಿನ ಊರಿನ ರೈತರು ಠಾಣೆಯಲ್ಲಿ ಇಟ್ಟಿದ್ದ ಕೋವಿ ಬಿಡಿಸಿಕೊಂಡು, ಬೈದುಕೊಂಡು ಸೀದಾ ಇಲ್ಲಿಗೆ ಬರುತ್ತಾರೆ.

ಆ ಮಂಗಳವಾರ ಒಬ್ಬರು ಕೇಪಿನ ಕೋವಿ ತಂದರು. ಬಾಯಿಯಿಂದ ಮದ್ದು ತುಂಬಿ, ಗಜ ಅನ್ನುವ ಉದ್ದ ಸರಳಿನಲ್ಲಿ ಜಡಿದು, ಹಿಂದೆ ನಿಪ್ಪಲ್ ಅನ್ನುವ ಸಣ್ಣ ಕೊಳವೆ ಮೇಲೆ ಸಿಡಿಯುವ ಕೇಪು ಇಟ್ಟು ಹೊಡೆಯುವ ಒಂಟಿ ನಳಿಗೆ. ಆ ಕೇಪಿಗೆ ಬಡಿಯುವ ಸುತ್ತಿಗೆಗೆ ಕುದುರೆ ಅನ್ನುತ್ತೇವೆ. "ಅಜ್ಜನದ್ದು. 40 ವರ್ಷದಿಂದ ಗೋಡೆ ಮೇಲೇ ಇತ್ತು. ಈ ಸಲ ನನ್ನ ಅಣ್ಣನ ಮಗನಿಗೆ ಇದರಲ್ಲೇ ಕಾಯಿ ಹೊಡೀಬೇಕಂತೆ. ಕುದುರೆ ಏಳೋದಿಲ್ಲ, ನಿಪ್ಪಲ್ ಕೂತುಬಿಟ್ಟಿದೆ, ನೋಡಿ. ಖಾಲಿ ಇದೆ."

ನಾನು ಬರೆದೆ. ಬಂದಾಗಿನ ಸ್ಥಿತಿ: ತುಕ್ಕು, ಖಾಲಿ.

ಗುರುವಾರ ಮೇಸ್ತ್ರಿ ಚಾ ಕುಡಿಯಲು ಹೋಗಿದ್ದಾಗ ಅದನ್ನು ಎತ್ತಿಕೊಂಡೆ. ವೈಸಿನ ಬಾಯಿಗೆ ಚರ್ಮ ಕೊಟ್ಟು ನಳಿಗೆ ಬಿಗಿದೆ. ಕುದುರೆ ಸೀಮೆಎಣ್ಣೆಗೆ ಬಿಟ್ಟುಕೊಂಡಿತು. ನಿಪ್ಪಲ್ ಬಿಡಲಿಲ್ಲ. ಅದಕ್ಕೆಂದೇ ಇರುವ ಸ್ಪ್ಯಾನರ್ ಹಾಕಿದೆ, ಅಲ್ಲಾಡಲಿಲ್ಲ. ಜಾಸ್ತಿ ಬಲ ಹಾಕಿದರೆ ಮುರಿಯುತ್ತದೆ. ಹಿಡಿದುಬಿಟ್ಟ ಕಬ್ಬಿಣವನ್ನು ಸ್ವಲ್ಪ ಬಿಸಿ ಮಾಡಿದರೆ ಸಡಿಲವಾಗುತ್ತದೆ ಅಂತ ಕಲಿತಿದ್ದೆ. ಬ್ಲೋ ಲ್ಯಾಂಪಿಗೆ ಪಂಪ್ ಹೊಡೆದೆ. ನೀಲಿ ಬೆಂಕಿ ಬಂತು.

"ಗಜ ಹಾಕಿದ್ಯಾ?"

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನನಗೆ ತಂದ ಬನ್ನು.

"ಖಾಲಿ ಅಂತ ಹೇಳಿದ್ರು ಮೇಸ್ತ್ರಿ."

"ಗಜ ಹಾಕಿದ್ಯಾ ಅಂತ ಕೇಳಿದ್ದು."

ಲ್ಯಾಂಪ್ ಆರಿಸು ಅಂದರು. ಆರಿಸಿದೆ. ಅವರೇ ಗಜ ತೆಗೆದುಕೊಂಡು, ಪಕ್ಕಕ್ಕೆ ನಿಂತು ನಳಿಗೆಯೊಳಗೆ ಇಳಿಸಿದರು. ತಳ ಮುಟ್ಟಿದ ಕಡೆ, ಬಾಯಿಯ ಮಟ್ಟಕ್ಕೆ ಹೆಬ್ಬೆರಳು ಒತ್ತಿ ಹಿಡಿದು ಹೊರಗೆ ಎಳೆದರು. ಅದೇ ಗಜವನ್ನು ನಳಿಗೆಯ ಹೊರಮೈಗೆ ಹೊಂದಿಸಿ ಇಟ್ಟರು. ಖಾಲಿ ಕೋವಿಯಾದರೆ ಗಜದ ತುದಿ ನಿಪ್ಪಲಿನ ಹತ್ತಿರಕ್ಕೆ ಬರಬೇಕು. ನಾಲ್ಕು ಬೆರಳು ಹಿಂದೆಯೇ ನಿಂತಿತ್ತು.

ಇಬ್ಬರೂ ಮಾತಾಡಲಿಲ್ಲ. ಮೇಸ್ತ್ರಿ ನಳಿಗೆಯ ಬಾಯಿ ಯಾವ ಕಡೆ ಇದೆ ಅಂತ ನೋಡಿದರು. ಆಗ ನಾನೂ ನೋಡಿದೆ. ಬೆಳಕು ಚೆನ್ನಾಗಿ ಬರಲಿ ಅಂತ ನಾನು ಅದನ್ನು ಬೀದಿ ಕಡೆಗೆ ಮುಖ ಮಾಡಿ ಬಿಗಿದಿದ್ದೆ. ಎದುರಿಗೆ ಬೇಕರಿ. ಬೇಕರಿಯ ಮಾಡಿನ ಕೆಳಗೆ ಶಾಲೆ ಮಕ್ಕಳು ಮಳೆ ನಿಲ್ಲಲಿ ಅಂತ ಕಾಯುತ್ತಿದ್ದರು. ಒಬ್ಬ ಹುಡುಗ ಕೊಡೆಯ ತುದಿಯಿಂದ ನೀರು ಚಿಮ್ಮಿಸುತ್ತಿದ್ದ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬನ್ನನ್ನು ಮೇಜಿನ ಮೇಲಿಟ್ಟು, ಕೋವಿ ಬಿಚ್ಚಿ ಹಿತ್ತಲಿಗೆ ಒಯ್ದರು. ಅಲ್ಲಿ ಮಣ್ಣಿನ ಬರೆ ಇದೆ, ಎರಡಾಳೆತ್ತರ. ಬಾಯಿ ಮೇಲಾಗಿ ಬರೆಗೆ ಒರಗಿಸಿ ಒಂದು ಚೊಂಬು ನೀರು ನಿಧಾನಕ್ಕೆ ಸುರಿದರು. "ನಾಳೆವರೆಗೆ ನೆನೀಲಿ. ಯಾರೂ ಮುಟ್ಟಬೇಡಿ" ಅಂದರು. ಬೀಡಿ ಹಚ್ಚಲು ಮೂರು ಕಡ್ಡಿ ಗೀರಿದರು. ಗಾಳಿ ಇರಲಿಲ್ಲ.

ಮರುದಿನ ಗಜದ ತುದಿಗೆ ತಿರುಪು ಮುಳ್ಳು ಹಾಕಿ ಎಳೆದೆವು. ಮೊದಲು ತೆಂಗಿನ ನಾರಿನ ಉಂಡೆ ಬಂತು. ನಂತರ ಚರೆ, ಸೀಸದ ದೊಡ್ಡ ಕಾಳುಗಳು, ಮೇಲೆ ಬಿಳಿ ಬೂಷ್ಟು. ಮತ್ತೆ ನಾರು. ಕೊನೆಗೆ ಕಪ್ಪು ಕೆಸರು, ಮೂಗಿಗೆ ಹೊಡೆಯುವ ಗಂಧಕದ ವಾಸನೆ. ಹಂದಿಗೆ ತುಂಬಿದ ಈಡು ಅಂದರು ಮೇಸ್ತ್ರಿ. "40 ವರ್ಷದ ಮದ್ದು ಹತ್ತಿಕೊಳ್ತಿತ್ತಾ?" ಅಂತ ಕೇಳಿದೆ. "ಒಣಗಿದ್ದರೆ ಕರಿಮದ್ದಿಗೆ ವಯಸ್ಸಿಲ್ಲ ಮಾರಾಯ. ಹೊಗೆ ಅಟ್ಟದ ಕೆಳಗಿನ ಗೋಡೆ ಅದು, ಒಣಗದೆ ಎಲ್ಲಿಗೆ ಹೋಗ್ತದೆ?"

ಕೋವಿಯವರು ಶನಿವಾರ ಬಂದರು. ಒಂದು ಪೇಪರ್ ಮೇಲೆ ಎಲ್ಲ ಹರಡಿ ತೋರಿಸಿದೆವು. ಸುಮಾರು ಹೊತ್ತು ಚರೆಗಳನ್ನೇ ನೋಡಿದರು. ಅಜ್ಜ ತೀರಿಕೊಂಡ ರಾತ್ರಿ ಎರಡು ಗುಂಡು ಹಾರಿಸಲು ಪಕ್ಕದ ಮನೆಯ ಕೋವಿ ತಂದಿದ್ದರಂತೆ. ಮನೆಯ ಕೋವಿಗೆ ಆ ಗಡಿಬಿಡಿಯಲ್ಲಿ ಮದ್ದು ಸಿಗಲಿಲ್ಲ ಅಂತ ಅಪ್ಪ ಹೇಳುತ್ತಿದ್ದರಂತೆ.

"ಪ್ರತಿ ವರ್ಷ ಅದರ ಬಾಯಿಗೆ ಹೂ ಸಿಕ್ಕಿಸೋದು ನಾನೇ. ಚಿಕ್ಕೋನಿದ್ದಾಗಿಂದ" ಅಂದರು. ಮೇಸ್ತ್ರಿ ಅವರಿಗೆ ಕುರ್ಚಿ ಎಳೆದು ಕೊಟ್ಟರು.

ನಿಪ್ಪಲ್ ಆಮೇಲೆ ಬಿಸಿ ಮಾಡಿದ ಕೂಡಲೇ ಬಿಟ್ಟುಕೊಂಡಿತು. ನಳಿಗೆ ಒಳಗೆ ಗುಳಿ ಬಿದ್ದಿತ್ತು. ಇದರಲ್ಲಿ ಕಾಯಿ ಹೊಡೆಯೋದು ಬೇಡ, ಪೂಜೆಗೆ ಇಡಿ ಅಂದರು ಮೇಸ್ತ್ರಿ. ಅವರೂ ಒಪ್ಪಿದರು. ಚರೆ ಬೇಕಾ ಅಂತ ಕೇಳಿದ್ದಕ್ಕೆ ಬೇಡ ಅಂದು ಹೊರಟರು. ಮೆಟ್ಟಿಲಿಳಿದು ಮತ್ತೆ ವಾಪಸ್ ಬಂದು, ಪೇಪರ್ ಸಮೇತ ಮಡಚಿ ಜೇಬಿಗೆ ಹಾಕಿಕೊಂಡರು.

ಅವರು ಹೋದ ಮೇಲೆ ಮೇಸ್ತ್ರಿ ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು. ಮಂಗಳವಾರದ ಸಾಲು. ನಾನು ರಬ್ಬರ್ ಹುಡುಕಿದೆ. ಪೆನ್ನಿನಲ್ಲಿ ಬರೆದದ್ದು, ರಬ್ಬರಿಗೆ ಹೋಗೋದಿಲ್ಲ. ಬ್ಲೇಡ್ ತಗೊಂಡು ಕೆರೆಯಲು ಹೋದೆ.

"ಕೆರೀಬೇಡ" ಅಂದರು. "ಒಂದೇ ಗೆರೆ ಎಳಿ. ಕೆಳಗಿದ್ದದ್ದು ಓದೋ ಹಾಗೆ ಇರ್ಬೇಕು."

ಖಾಲಿ ಅನ್ನುವುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತುಂಬಿತ್ತು ಅಂತ ಬರೆದು ಸಹಿ ಹಾಕಿದೆ. ಬನ್ನು ಮೂರು ದಿನದಿಂದ ಮೇಜಿನ ಮೇಲೇ ಇತ್ತು, ಗಟ್ಟಿಯಾಗಿತ್ತು. ಚಾದಲ್ಲಿ ಅದ್ದಿಕೊಂಡು ತಿಂದೆ.