ಗುಂಡಿ ತೋಡಿ ನೋಡಿದವರಿಗೆ ಕೆಲಸ ಕೊಟ್ಟೆ

ಮನೆಯ ಮುಂದಿನ ಖಾಲಿ ಜಾಗವನ್ನು ತೋಟವಾಗಿಸಲು ನಾನು ಎರಡು ಬಾರಿ ಹಣ ಖರ್ಚು ಮಾಡಿದ್ದೇನೆ. ಮೊದಲ ಬಾರಿ ಕೆಲಸ ಕೊಟ್ಟದ್ದು ಚಿತ್ರ ನೋಡಿ. ಕಂಪ್ಯೂಟರಿನಲ್ಲಿ ರಚಿಸಿದ ಆ ಚಿತ್ರದಲ್ಲಿ ಹುಲ್ಲುಹಾಸಿನ ಮೇಲೆ ಒಂದು ಒಣ ಎಲೆಯೂ ಇರಲಿಲ್ಲ, ಗಿಡಗಳೆಲ್ಲ ಆಳೆತ್ತರ ಬೆಳೆದು ನಿಂತಿದ್ದವು, ಸಾಲದ್ದಕ್ಕೆ ಎಲ್ಲವೂ ಒಟ್ಟಿಗೇ ಹೂ ಬಿಟ್ಟಿದ್ದವು. ಕೆಲಸ ಮುಗಿದ ಮೂರನೆಯ ತಿಂಗಳಿಗೆ ಹುಲ್ಲು ಅಲ್ಲಲ್ಲಿ ಹಳದಿಗಟ್ಟಿತು. ಮೊದಲ ದೊಡ್ಡ ಮಳೆಗೆ ನೀರು ಹೊರಗೆ ಹರಿದುಹೋಗುವ ಬದಲು ಮನೆಯ ಗೋಡೆಯ ಬುಡಕ್ಕೆ ಬಂದು ನಿಂತಿತು. ಕಿತ್ತು ನೋಡಿದರೆ ಹುಲ್ಲಿನ ಕೆಳಗೆ ಎರಡು ಬೆರಳಷ್ಟು ಮಣ್ಣು, ಅದರ ಕೆಳಗೆ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು ಮತ್ತು ಹೆಪ್ಪುಗಟ್ಟಿದ ಸಿಮೆಂಟು. ಆ ಗುತ್ತಿಗೆದಾರರನ್ನು ಪೂರ್ತಿ ದೂರುವಂತಿಲ್ಲ, ಏಕೆಂದರೆ ಮಣ್ಣಿನ ಬಗ್ಗೆ ನಾನೂ ಒಂದು ಮಾತು ಕೇಳಿರಲಿಲ್ಲ.

ಎರಡನೆಯ ಬಾರಿ ಮೂವರನ್ನು ಕರೆಸಿದೆ. ಒಬ್ಬರು ಜಾಗಕ್ಕೆ ಬರುವ ಮೊದಲೇ, ಫೋನಿನಲ್ಲಿ ಕಳಿಸಿದ ಫೋಟೊಗಳನ್ನು ನೋಡಿ ಚದರಡಿಗೆ ಇಷ್ಟು ಎಂದು ದರ ಹೇಳಿಬಿಟ್ಟರು. ಇನ್ನೊಬ್ಬರು ಬಂದು ಆಲ್ಬಮ್ ತೆರೆದು ಕೂತರು. ಮೂರನೆಯವರು ಬರುವಾಗಲೇ ಹಾರೆ ತಂದಿದ್ದರು. ನನ್ನನ್ನು ಕೇಳಿಕೊಂಡು ಮೂಲೆಯೊಂದರಲ್ಲಿ ಸುಮಾರು 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೊಮ್ಮೆ ನೀರಿನ ಮಟ್ಟ ಎಷ್ಟು ಇಳಿಯುತ್ತದೆಂದು ಅಳೆದಿಡಲು ನನಗೇ ಹೇಳಿದರು. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ನೀರು ಬಸಿಯುವುದಿಲ್ಲ, ಹೆಚ್ಚಿನ ಗಿಡಗಳ ಬೇರು ಕೊಳೆಯುತ್ತದೆ, ಹತ್ತು ಸೆಂ.ಮೀ. ದಾಟಿದರೆ ಮಣ್ಣು ನೀರನ್ನು ಹಿಡಿದುಕೊಳ್ಳುವುದಿಲ್ಲ, ದಿನವೂ ನೀರು ಹಾಕಬೇಕಾಗುತ್ತದೆ ಎಂದು ವಿವರಿಸಿದರು. ಆಮೇಲೆ ಚಾವಣಿಯ ನೀರು ಎಲ್ಲಿಗೆ ಬೀಳುತ್ತದೆ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬಡಿಯುತ್ತದೆ, ಮನೆಯಲ್ಲಿ ಗಿಡಕ್ಕೆ ನೀರು ಹಾಕುವವರು ಯಾರು, ಅವರಿಗೆ ದಿನಕ್ಕೆ ಎಷ್ಟು ಬಿಡುವಿದೆ ಎಂದು ವಿಚಾರಿಸಿದರು. ಯಾವ ಹೂವು ಇಷ್ಟ ಎಂಬ ಪ್ರಶ್ನೆ ಕೊನೆಗೆ ಬಂತು. ಕೆಲಸವನ್ನು ಅವರಿಗೇ ಕೊಟ್ಟೆ.

ಈ ಕ್ಷೇತ್ರದಲ್ಲಿ ಯಾರನ್ನು ಯಾವುದಕ್ಕೆ ಕರೆಯಬೇಕೆಂಬುದೇ ಮೊದಲ ಗೊಂದಲ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂಬ ವೃತ್ತಿನಾಮ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಅವರ ಕಾಲದಲ್ಲಿ, 1860ರ ದಶಕದಲ್ಲಿ, ಬಳಕೆಗೆ ಬಂದದ್ದು. ಆ ಹೆಸರಿನವರು ನೆಲದ ಮಟ್ಟ, ನೀರಿನ ಹರಿವು, ಕಟ್ಟೆ, ದಾರಿ, ಗಿಡ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಯೋಚಿಸುವ ತರಬೇತಿ ಪಡೆದಿರುತ್ತಾರೆ. ಗುತ್ತಿಗೆದಾರರು ಆ ನಕ್ಷೆಯನ್ನು ನೆಲಕ್ಕೆ ಇಳಿಸುತ್ತಾರೆ, ತೋಟದ ಮಾಲಿ ಆಮೇಲೆ ಅದನ್ನು ಕಾಪಾಡುತ್ತಾರೆ. ಸಮತಟ್ಟಾದ ಸಣ್ಣ ಜಾಗಕ್ಕೆ ಮೂವರೂ ಬೇಕಿಲ್ಲ, ಅನುಭವವಿರುವ ಗುತ್ತಿಗೆದಾರರೊಬ್ಬರು ಸಾಕು. ಆದರೆ ಜಾಗ ಇಳಿಜಾರಾಗಿದ್ದರೆ, ಮಣ್ಣು ತಡೆಯುವ ಗೋಡೆ ಕಟ್ಟಬೇಕಿದ್ದರೆ, ನಕ್ಷೆ ಮಾಡುವವರಿಗೆ ಕೊಡುವ ಶುಲ್ಕವನ್ನು ಉಳಿಸಲು ಹೋಗಬಾರದು. ತಾರಸಿಯ ಮೇಲೆ ತೋಟ ಮಾಡುವುದಾದರೆ ಕಟ್ಟಡದ ಎಂಜಿನಿಯರ್ ಒಪ್ಪದೆ ಒಂದು ಬುಟ್ಟಿ ಮಣ್ಣನ್ನೂ ಮೇಲೆ ಹತ್ತಿಸಬಾರದು; ನೆನೆದ ಮಣ್ಣು ಘನ ಮೀಟರಿಗೆ ಎರಡು ಟನ್‌ವರೆಗೂ ತೂಗಬಲ್ಲದು, ಅಂದರೆ 30 ಸೆಂ.ಮೀ. ದಪ್ಪ ಹರಡಿದ ಪ್ರತಿ ಚದರ ಮೀಟರಿನಲ್ಲೂ ಐದಾರು ನೂರು ಕಿಲೊ ಭಾರ ಕೂರುತ್ತದೆ.

ನೀರಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಮೊದಲ ಬಾರಿ ನಾನು ಮುಗ್ಗರಿಸಿದ್ದು ಅಲ್ಲೇ. ನೂರು ಚದರ ಮೀಟರ್ ಚಾವಣಿಯ ಮೇಲೆ 50 ಮಿ.ಮೀ. ಮಳೆ ಸುರಿದರೆ ಐದು ಸಾವಿರ ಲೀಟರ್ ನೀರು ಕೆಳಗಿಳಿಯುತ್ತದೆ. ಅಷ್ಟು ನೀರು ಎಲ್ಲಿಗೆ ಹೋಗಬೇಕೆಂಬುದು ನಕ್ಷೆಯಲ್ಲಿ ಬಾಣದ ಗುರುತಿನಿಂದ ಕಾಣಿಸಬೇಕು. ಗೋಡೆಯಿಂದ ಹೊರಗೆ ಮೊದಲ ಮೂರು ಮೀಟರ್ ದೂರ ಮಣ್ಣಿನ ನೆಲವಾದರೆ ಮೀಟರಿಗೆ ಸುಮಾರು 5 ಸೆಂ.ಮೀ., ಕಲ್ಲು ಹಾಸಿದ ನೆಲವಾದರೆ ಕನಿಷ್ಠ 2 ಸೆಂ.ಮೀ. ಇಳುಕಲು ಇರಬೇಕೆಂಬುದು ಕಟ್ಟಡದ ಕೆಲಸ ಬಲ್ಲವರು ಸಾಮಾನ್ಯವಾಗಿ ಪಾಲಿಸುವ ಅಳತೆ. ಭೇಟಿಗೆ ಬಂದವರನ್ನು ಈ ಒಂದು ಪ್ರಶ್ನೆ ಕೇಳಿ ನೋಡಬಹುದು. ‘ಅದೆಲ್ಲ ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ ಸಾರ್’ ಎಂಬ ಉತ್ತರ ನನಗೆ ಇಬ್ಬರಿಂದ ಬಂತು.

ಅವರು ಹಿಂದೆ ಮಾಡಿದ ಕೆಲಸ ನೋಡುವುದಾದರೆ ಹೊಸದನ್ನು ನೋಡಿ ಫಲವಿಲ್ಲ. ನಿನ್ನೆ ಮುಗಿದ ತೋಟ ಯಾರು ಮಾಡಿದರೂ ಚೆನ್ನಾಗಿಯೇ ಕಾಣುತ್ತದೆ. ಎರಡು ಮೂರು ಮಳೆಗಾಲ ಕಂಡ ತೋಟವನ್ನು ತೋರಿಸಲು ಕೇಳಬೇಕು. ಅಲ್ಲಿ ನಾನು ಮೊದಲು ನೋಡಿದ್ದು ಮರಗಳ ಬುಡವನ್ನು. ಕಾಂಡವು ಬೇರಾಗಿ ಅಗಲವಾಗುವ ಜಾಗ ನೆಲದ ಮೇಲೆ ಕಾಣುತ್ತಿರಬೇಕು. ಕಾಂಡ ಕಂಬ ನೆಟ್ಟಂತೆ ನೇರವಾಗಿ ಮಣ್ಣಿನೊಳಗೆ ಇಳಿದಿದ್ದರೆ ಸಸಿಯನ್ನು ತೀರಾ ಆಳಕ್ಕೆ ನೆಟ್ಟಿದ್ದಾರೆ ಎಂದರ್ಥ, ಅಂಥ ಮರ ಕೆಲವು ವರ್ಷ ಚೆನ್ನಾಗಿದ್ದಂತೆ ತೋರಿ ಆಮೇಲೆ ಸೊರಗುವುದುಂಟು. ಬುಡಕ್ಕೆ ಒಣ ಎಲೆ ಅಥವಾ ತೊಗಟೆ ಚೂರಿನ ಹೊದಿಕೆ ಹಾಕಿದ್ದರೆ ಅದು 5ರಿಂದ 10 ಸೆಂ.ಮೀ. ದಪ್ಪವಿದ್ದು ಕಾಂಡಕ್ಕೆ ತಾಗದಂತೆ ಇರಬೇಕು. ಕಾಂಡದ ಸುತ್ತ ಗುಡ್ಡೆ ಹಾಕಿದರೆ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಸಾಧ್ಯವಾದರೆ ಗುತ್ತಿಗೆದಾರರು ಜೊತೆಗಿಲ್ಲದಾಗ ಆ ಮನೆಯವರನ್ನು ಮಾತಾಡಿಸಿ, ಗಿಡ ಸತ್ತಾಗ ಏನು ಮಾಡಿದರು, ಫೋನ್ ಎತ್ತಿದರೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ದರಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಕೊನೆಯ ಮೊತ್ತವನ್ನಷ್ಟೇ ಹೋಲಿಸಿದರೆ ಮೋಸ ಹೋಗುತ್ತೇವೆ. ಅಗ್ಗದ ಪಟ್ಟಿಯಲ್ಲಿ ಮಾಯವಾಗುವುದು ಯಾವಾಗಲೂ ಕಣ್ಣಿಗೆ ಬೀಳದ ಭಾಗ: ಕಟ್ಟಡದ ಕಸ ತೆಗೆಸುವುದು, ಗಟ್ಟಿಯಾದ ನೆಲವನ್ನು ಸಡಿಲಿಸುವುದು, ಒಳ್ಳೆಯ ಮೇಲ್ಮಣ್ಣು, ಕಲ್ಲುಹಾಸಿನ ಕೆಳಗಿನ ಜಲ್ಲಿ. ಹುಲ್ಲುಹಾಸಿಗೆ ಕನಿಷ್ಠ 15 ಸೆಂ.ಮೀ. ಒಳ್ಳೆಯ ಮಣ್ಣು, ಪೊದೆಗಿಡಗಳ ಪಾತಿಗೆ ಅದರ ಎರಡು ಮೂರು ಪಟ್ಟು, ನಡೆದಾಡುವ ದಾರಿಯ ಕಲ್ಲಿನ ಕೆಳಗೆ ಸುಮಾರು 10 ಸೆಂ.ಮೀ. ದಮ್ಮಸು ಮಾಡಿದ ಜಲ್ಲಿ, ಕಾರು ನಿಲ್ಲುವ ಕಡೆ ಅದರ ದುಪ್ಪಟ್ಟು. ಈ ಅಂಕಿಗಳು ಪಟ್ಟಿಯಲ್ಲಿ ಬರೆದಿರಲಿ ಎಂದು ಮೂವರಿಗೂ ಹೇಳಿದೆ. ಬರೆದುಕೊಟ್ಟವರು ಒಬ್ಬರೇ, ಅವರ ಮೊತ್ತವೇ ಎಲ್ಲಕ್ಕಿಂತ ಹೆಚ್ಚಿತ್ತು.

ಗಿಡಗಳ ಪಟ್ಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರು ಇರಲೇಬೇಕೆಂದು ನಾನು ಹಟ ಹಿಡಿದದ್ದು ಮನೆಯವರಿಗೆ ವಿಚಿತ್ರವಾಗಿ ಕಂಡಿತು. ಕಾರಣ ಸರಳ. ಬರೀ ಕಣಗಿಲೆ ಎಂದು ಬರೆದರೆ ಅದು ಪೊದೆಯಾಗಿ ಬೆಳೆಯುವ ನೀರಿಯಮ್ ಇರಬಹುದು, ಹಳದಿ ಹೂವಿನ ಥೆವೇಶಿಯಾ ಇರಬಹುದು. ದೇವಕಣಗಿಲೆ ಎಂದರೆ ಮರವಾಗಿ ಹರಡುವ ಪ್ಲುಮೇರಿಯಾ. ಮೊದಲಿನ ಎರಡೂ ವಿಷಕಾರಿ, ಮಕ್ಕಳು ಎಲೆ, ಬೀಜ ಬಾಯಿಗೆ ಹಾಕಿಕೊಳ್ಳುವ ಮನೆಗೆ ಹೊಂದುವುದಿಲ್ಲ. ಹೆಸರಿನ ಜೊತೆಗೆ ಸಸಿಯ ಎತ್ತರ, ಚೀಲದ ಅಳತೆ, ಸಂಖ್ಯೆ, ಎರಡು ಗಿಡಗಳ ನಡುವಿನ ಅಂತರವೂ ಇರಬೇಕು. ಅಂತರದಲ್ಲಿ ಒಂದು ಚಾಳಿ ಇದೆ. ಒಂದೂವರೆ ಮೀಟರ್ ಅಗಲ ಬೆಳೆಯುವ ಗಿಡವನ್ನು ಅರ್ಧ ಮೀಟರಿಗೊಂದರಂತೆ ನೆಟ್ಟರೆ ಮೊದಲ ದಿನವೇ ತೋಟ ತುಂಬಿದಂತೆ ಕಾಣುತ್ತದೆ, ಬಿಲ್ಲೂ ತುಂಬುತ್ತದೆ, ಮೂರನೆಯ ವರ್ಷ ಅರ್ಧಕ್ಕರ್ಧ ಗಿಡ ಕೀಳಬೇಕಾಗುತ್ತದೆ. ಮೊದಲ ವರ್ಷ ನಮ್ಮ ತೋಟ ಬೋಳಾಗಿತ್ತು, ನೋಡಲು ಬಂದವರು ಸಮಾಧಾನ ಹೇಳಿ ಹೋಗುತ್ತಿದ್ದರು.

ಒಪ್ಪಂದದಲ್ಲಿ ಹಣವನ್ನು ಕೆಲಸದ ಹಂತಗಳಿಗೆ ಹೊಂದಿಸಿಕೊಂಡೆವು: ಸ್ವಲ್ಪ ಮುಂಗಡ, ನೆಲದ ಮಟ್ಟ ಮತ್ತು ಕೊಳವೆ ಮುಗಿದಾಗ ಒಂದು ಕಂತು, ಕಲ್ಲಿನ ಕೆಲಸಕ್ಕೆ ಒಂದು, ನೆಟ್ಟ ಮೇಲೆ ಒಂದು, ಉಳಿದ ಸಣ್ಣ ಭಾಗ ಮೂರು ತಿಂಗಳು ಗಿಡ ನೋಡಿಕೊಂಡ ನಂತರ. ನಡುವೆ ಆಗುವ ಬದಲಾವಣೆಗಳನ್ನು ದರದ ಸಮೇತ ಬರೆದುಕೊಳ್ಳಬೇಕು; ಬಾಯಿಮಾತಿನ ‘ಇಷ್ಟೇ ತಾನೇ’ ಕೊನೆಯ ಬಿಲ್ಲಿನಲ್ಲಿ ಅಷ್ಟೇ ಆಗಿರುವುದಿಲ್ಲ. ಸತ್ತ ಗಿಡಕ್ಕೆ ಬದಲಿ ಕೊಡುವ ಮಾತಿದ್ದರೆ, ಆ ಅವಧಿಯಲ್ಲಿ ನೀರು ಹಾಕುವ ಹೊಣೆ ಯಾರದೆಂಬುದೂ ಅದರಲ್ಲೇ ಇರಬೇಕು, ಇಲ್ಲವಾದರೆ ಪ್ರತಿ ಒಣಗಿದ ಗಿಡವೂ ಒಂದು ಜಗಳ. ಕೆಲಸಗಾರರಿಗೆ ವಿಮೆ ಇದೆಯೇ, ಮರ ಕಡಿಯುವುದಿದ್ದರೆ ಅನುಮತಿ ಯಾರು ತರುತ್ತಾರೆ ಎಂಬುದನ್ನೂ ಅಗೆತ ಶುರುವಾಗುವ ಮೊದಲೇ ಕೇಳಿಕೊಳ್ಳಬೇಕು.

ಅವರು ಮಾಡಿಕೊಟ್ಟ ಒಂದು ಕೆಲಸವನ್ನು ನಾನಾಗಿ ಎಂದೂ ಕೇಳುತ್ತಿರಲಿಲ್ಲ. ಹನಿ ನೀರಾವರಿಯ ಕೊಳವೆ ಮತ್ತು ದೀಪದ ವಯರು ಹೂತ ಕಾಲುವೆಗಳನ್ನು ಮುಚ್ಚುವ ಮುನ್ನ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಒಂದೊಂದರ ಫೋಟೊ ತೆಗೆದು, ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಎಂದು ಒಂದು ಹಾಳೆಯಲ್ಲಿ ಗುರುತಿಸಿ ಕೊಟ್ಟರು. ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಮೀಟರ್ ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಂದು ಜೋಡಣೆ ಸೋರತೊಡಗಿದಾಗ ಪ್ಲಂಬರ್ ಆ ಹಾಳೆ ನೋಡಿ ಒಂದೇ ಕಡೆ ಅಗೆದರು, ಕೊಳವೆ ಅಲ್ಲೇ ಇತ್ತು.